ನಮ್ಮ ಜೀಪು ಹಳ್ಳ ನೋಡಲು ಹೋದದ್ದು

ಹಲ್ಲಿನ ವೈದ್ಯರ ಕೆಲಸದಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಹೊತ್ತಿದೆ. ಒಸಡಿಗೆ ಸೂಜಿ ಚುಚ್ಚಿದ ಮೇಲೆ ತುಟಿ ಮರಗಟ್ಟುವ ತನಕ ಕಾಯುವ ಹೊತ್ತು. ರೋಗಿ ಕುರ್ಚಿಯಲ್ಲಿ ಒರಗಿ ಫ್ಯಾನು ನೋಡುತ್ತಿರುತ್ತಾನೆ. ಮಾತಾಡಿಸಿದರೆ ಅವನಿಗೆ ಭಯ ಹೆಚ್ಚುತ್ತದೆ, ಸುಮ್ಮನಿದ್ದರೆ ನನಗೆ ಬೇಸರ ಬರುತ್ತದೆ. ರಿಪ್ಪನ್‌ಪೇಟೆಯಲ್ಲಿ ನನ್ನ ಕ್ಲಿನಿಕ್ಕು ಮಹಡಿಯ ಮೇಲಿದೆ. ಬಹಳ ವರ್ಷ ಆ ಹೊತ್ತಿನಲ್ಲಿ ಕಿಟಕಿಯಿಂದ ಬಸ್ಸುಗಳನ್ನು ನೋಡುತ್ತಿದ್ದೆ. ಆಮೇಲೆ ಎಲ್ಲರ ಹಾಗೆ ನಾನೂ ಮೊಬೈಲು ನೋಡತೊಡಗಿದೆ.

ಒಂದು ದಿನ ಮೊಬೈಲಿನಲ್ಲಿ, ಕರುವಿನಷ್ಟು ದೊಡ್ಡದಾದ ಒಂದು ಆಟದ ಜೀಪು ಕೆಸರಿನ ದಿಬ್ಬ ಹತ್ತುವುದು ಕಂಡಿತು. ದೂರದಲ್ಲಿ ಯಾರೋ ರಿಮೋಟು ಹಿಡಿದು ನಿಂತಿದ್ದ. ಜೀಪು ದಿಬ್ಬದ ನೆತ್ತಿಯಲ್ಲಿ ನಿಂತು, ಹೊಸ ಊರಿಗೆ ಬಂದ ಬೀಗರ ಹಾಗೆ ಅತ್ತಿತ್ತ ತಿರುಗಿತು. ನನಗೂ ಅಂಥದ್ದು ಬೇಕು ಅನ್ನಿಸಿತು. ಕೊಳ್ಳಬೇಕು ಅಂತಲ್ಲ, ಮಾಡಬೇಕು ಅಂತ. ನಲವತ್ತೈದು ದಾಟಿದ ಮೇಲೆ ಕೆಲವರಿಗೆ ಭಕ್ತಿ ಹುಟ್ಟುತ್ತದೆ, ಕೆಲವರು ಬೆಳಗಿನ ವಾಕಿಂಗ್ ಶುರುಮಾಡುತ್ತಾರೆ. ನನಗೆ ಇದು ಹಿಡಿಯಿತು.

ನನ್ನ ಗಂಡನಿಗೆ ಅದೇ ಬೀದಿಯಲ್ಲಿ ಕೃಷಿ ಯಂತ್ರಗಳ ಅಂಗಡಿ. ನಮ್ಮ ಕಡೆ ಹುಲ್ಲು ಸವರುವ ವೀಡ್ ಕಟರ್ ಇಲ್ಲದ ಮನೆಯಿಲ್ಲ. ಹಾಗಾಗಿ ರಿಪೇರಿಗೆ ಬಂದು ಯಾರೂ ತಿರುಗಿ ನೋಡದ ವೀಡ್ ಕಟರುಗಳು ಅವರ ಅಂಗಡಿಯ ಹಿಂಭಾಗದಲ್ಲಿ ರಾಶಿ ಬಿದ್ದಿದ್ದವು. ದೊಡ್ಡ ಆಟದ ಜೀಪಿಗೆ ಬೇಕಾದದ್ದು ಸರಿಸುಮಾರು ಅದೇ ಎಂಜಿನ್ ಅಂತ ನಾನು ಓದಿಕೊಂಡಿದ್ದೆ. ಆಕ್ಸಿಲರೇಟರ್ ಒತ್ತುವ ತನಕ ಬ್ಲೇಡು ತಿರುಗುವುದಿಲ್ಲವಲ್ಲ, ಅಂಥ ಕ್ಲಚ್ಚೂ ಅದರಲ್ಲೇ ಇರುತ್ತದೆ. ಒಂದನ್ನು ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದಾಗ ಅವರು ನೋಡಿಬಿಟ್ಟರು.

"ಎಂತಕ್ಕೆ ಅದು?"

"ಎಂಜಿನ್ ಬೇಕಿತ್ತು."

"ಹಲ್ಲು ಕೀಳೋಕಾ?"

ಮೆಟ್ಟಿಲ ಕೆಳಗೆ ಕಾಯುತ್ತಿದ್ದ ಇಬ್ಬರು ರೋಗಿಗಳು ಎದ್ದು ಹೋದರು. ಆ ದಿನ ಮತ್ತೆ ಬರಲಿಲ್ಲ.

ಜೀಪಿನ ಅಡಿಕಟ್ಟಿಗೆ, ಅಂದರೆ ಚಾಸಿಗೆ, ಚೌಕ ಪೈಪು ಅಳತೆ ಮಾಡಿ ಕತ್ತರಿಸಿ, ಗೇಟು ಮಾಡುವವರ ಹತ್ತಿರ ವೆಲ್ಡಿಂಗ್ ಮಾಡಿಸಿದೆ. ಅವರು ಅಭ್ಯಾಸಬಲದಿಂದ ನಾಲ್ಕೂ ಮೂಲೆಗೆ ಒಂದೊಂದು ಹೂವಿನ ಸುರುಳಿ ಇಟ್ಟುಬಿಟ್ಟಿದ್ದರು. ಚಕ್ರಗಳು ಅಡಿಕೆಗೊನೆ ಸಾಗಿಸುವ ಕೈಗಾಡಿಯವು. ಸ್ಪ್ರಿಂಗು ಹಳೇ ಮೊಪೆಡ್ಡಿನ ಸೀಟಿನದ್ದು. ಹಿಂದಿನ ಎರಡೂ ಚಕ್ರಕ್ಕೆ ಒಂದೇ ಗಟ್ಟಿ ಆಕ್ಸಲ್ ಹಾಕಿದ್ದರಿಂದ, ತಿರುಗಬೇಕಾದರೆ ಅದಕ್ಕೆ ಮದುವೆ ಚಪ್ಪರದಷ್ಟು ಜಾಗ ಬೇಕಾಗುತ್ತಿತ್ತು. ಸ್ಟೀರಿಂಗಿನ ಸಣ್ಣ ಸಣ್ಣ ಭಾಗಗಳು ಎಲ್ಲೂ ಸಿಗಲಿಲ್ಲ. ಅವನ್ನು ಹಲ್ಲುಸೆಟ್ಟು ಮಾಡುವ ಗುಲಾಬಿ ಪ್ಲಾಸ್ಟಿಕ್ಕಿನಲ್ಲೇ ಎರಕ ಹೊಯ್ದೆ. ತುಂಬ ಗಟ್ಟಿ ಅದು, ಚಕ್ಕುಲಿ ಅಗಿಯಲಿ ಅಂತಲೇ ಮಾಡಿರುವುದಲ್ಲವೇ! ಆದರೆ ಜೀಪನ್ನು ಮುಂದಿನಿಂದ ಬಗ್ಗಿ ನೋಡಿದವರಿಗೆ ಅದು ಒಸಡು ತೋರಿಸಿ ನಗುತ್ತಿರುವ ಹಾಗೆ ಕಾಣುತ್ತಿತ್ತು.

ಇದೆಲ್ಲ ನಡೆದದ್ದು ರೋಗಿಗಳ ತುಟಿ ಮರಗಟ್ಟುವ ಹೊತ್ತುಗಳಲ್ಲಿ. ಪಕ್ಕದ ಕೋಣೆಯಲ್ಲಿ ಅರದಿಂದ ಉಜ್ಜುವ ಸದ್ದು ಕೇಳಿ, "ಡಾಕ್ಟ್ರೇ, ಅದು ನಂಗೆ ತಯಾರು ಮಾಡ್ತಿರೋದಾ?" ಅಂತ ಕೇಳಿದವರು ಒಬ್ಬಿಬ್ಬರಲ್ಲ.

ಹಾಗೆ ಕೇಳದೆ, ಎದ್ದು ಬಂದು ನೋಡಿದವರು ಒಬ್ಬರೇ. ತೀರ್ಥಹಳ್ಳಿ ಕಡೆಯಿಂದ ಸಾಗರಕ್ಕೆ ಖಾಸಗಿ ಬಸ್ಸು ಓಡಿಸುವ ಡ್ರೈವರು. ದವಡೆ ಹಲ್ಲಿನ ಬೇರಿನ ಚಿಕಿತ್ಸೆಗೆ ಬಂದಿದ್ದರು. ಅರ್ಧ ಮುಖ ಮರಗಟ್ಟಿ, ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಜೀಪಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಆರ್ನ್ ಎಲ್ಲಿ?" ಅಂದರು.

"ಏನು?"

"ಆರ್ನ್. ಆರ್ನ್."

ಅವರು ಕೈಯಿಂದ ಒತ್ತಿ ತೋರಿಸಿದ ಮೇಲೆ ಹಾರ್ನ್ ಅಂತ ತಿಳಿಯಿತು. ಹಾರ್ನ್ ಇಲ್ಲ ಅಂದೆ. ಅವರಿಗೆ ನಿಜಕ್ಕೂ ಬೇಸರವಾಯಿತು. ಆಮೇಲೆ ಗೊತ್ತಾದದ್ದು, ಅವರಿಗೆ ಎಂಜಿನ್ನಿನ ಬಗ್ಗೆ ಏನೇನೂ ತಿಳಿಯದು. ಬಸ್ಸು ಕೆಟ್ಟರೆ ಅವರು ಕೆಳಗಿಳಿದು ಚಹಾ ಕುಡಿಯುವವರು. ಆದರೆ ಅಭಿಪ್ರಾಯಕ್ಕೆ ಕೊರತೆಯಿರಲಿಲ್ಲ. ಮುಂದಿನ ಸಲ ಬಂದಾಗ ಬಸ್ಸಿನದೊಂದು ಹಳೇ ಹಾರ್ನನ್ನು ಟವೆಲಿನಲ್ಲಿ ಸುತ್ತಿ ತಂದರು. ಅದರ ಮುಂದಿನ ಸಲ ಸೈಡ್ ಕನ್ನಡಿ. ಚಿಕಿತ್ಸೆ ಮುಗಿಯಿತು ಅಂತ ನಾನು ಹೇಳಿದ ದಿನ ಮುಖ ಸಣ್ಣ ಮಾಡಿಕೊಂಡು, "ಈ ಕಡೇದೂ ಸ್ವಲ್ಪ ನೋಯ್ತದೆ ಮೇಡಂ" ಅಂದರು. ಆ ಕಡೆಯ ಹಲ್ಲುಗಳು ಕಲ್ಲಿನ ಹಾಗಿದ್ದವು. ಹಲ್ಲು ನೋಯದಿದ್ದರೂ ಬರಬಹುದು ಅಂತ ನಾನೇ ಹೇಳಬೇಕಾಯಿತು.

ಮೈಗೆ ತಗಡು ಬೇಕಿತ್ತು. ಸಾಗರದ ಗುಜರಿಯಲ್ಲಿ ದಪ್ಪನೆಯ ಒಂದು ಹಳೇ ಬೋರ್ಡು ಸಿಕ್ಕಿತು. ಯಾವುದೋ ಕಾಮಗಾರಿಯ ಫಲಕ. ಕತ್ತರಿಸಿ, ಬಗ್ಗಿಸಿ, ರಿವೆಟ್ ಹೊಡೆದ ಮೇಲೆ ನೋಡಿದರೆ ಬಾನೆಟ್ಟಿನ ಮೇಲೆ ನೀಲಿ ಅಕ್ಷರದಲ್ಲಿ 'ಟಕ ಸರ್ಕಾರ' ಅಂತ ಉಳಿದಿತ್ತು. ಅದರ ಮೇಲೆ ಹಸಿರು ಬಣ್ಣ ಬಳಿಯೋಣ ಅಂತ ನಾನು ಡಬ್ಬಿ ತಂದಿದ್ದೆ. ಡ್ರೈವರು ಬಿಡಲಿಲ್ಲ.

"ಇರ್ಲಿ ಮೇಡಂ. ಸರ್ಕಾರ ಅಂತಿದ್ರೆ ದನ ಕೂಡ ದಾರಿ ಬಿಡ್ತಾವೆ."

ರಿಮೋಟು ಅಂಚೆಯಲ್ಲಿ ಬಂತು. ಮೊದಲು ಬಸ್‌ಸ್ಟ್ಯಾಂಡಿನ ಹಿಂದಿನ ಖಾಲಿ ಜಾಗದಲ್ಲಿ ಓಡಿಸಿ ನೋಡಿದೆವು. ಡ್ರೈವರಿಗೆ ಕೊಟ್ಟರೆ ಹೋಗುವಾಗ ಸರಿಯಾಗಿ ಹೋಗುತ್ತಿತ್ತು. ತಿರುಗಿ ನಮ್ಮ ಕಡೆ ಬರುವಾಗ ಅವರ ಎಡ ಬಲ ಎಲ್ಲ ಅದಲುಬದಲಾಗಿ, ಜೀಪು ನೇರ ಬೇಲಿಗೆ ನುಗ್ಗುತ್ತಿತ್ತು. ನನಗೆ ಆ ತೊಂದರೆಯೇ ಆಗಲಿಲ್ಲ. ಕನ್ನಡಿಯಲ್ಲಿ ನೋಡಿಕೊಂಡು ಬಾಯೊಳಗೆ ಕೆಲಸ ಮಾಡಿ ಮಾಡಿ, ಎಡ ಬಲ ತಿರುಗಿ ಕಂಡರೂ ನನ್ನ ಕೈಗೆ ಗೊಂದಲವಾಗುವುದಿಲ್ಲ. "ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡ್ದೋನು ನಾನು" ಅಂತ ಡ್ರೈವರು ಬೇಲಿಯೊಳಗಿನಿಂದ ಜೀಪನ್ನು ಎಳೆಯುತ್ತ ಗೊಣಗಿದರು. ಅವತ್ತಿನಿಂದ ಓಡಿಸುವವಳು ನಾನು, ರಿಮೋಟಿನಲ್ಲಿ ಹಾರ್ನಿನ ಗುಂಡಿ ಮಾತ್ರ ಅವರದು ಅಂತ ಒಪ್ಪಂದವಾಯಿತು.

ಹೊಸನಗರ ತಾಲೂಕಿನಲ್ಲಿ ಬೇಸಿಗೆಯ ಕೊನೆಗೆ ಹಿನ್ನೀರು ಇಳಿದಾಗ, ನೀರಿದ್ದ ಜಾಗದಲ್ಲೆಲ್ಲ ಹುಲ್ಲು ಚಿಗುರಿ ಬಯಲಾಗುತ್ತದೆ. ಉಬ್ಬು, ತಗ್ಗು, ಸತ್ತ ಮರದ ಬೊಡ್ಡೆ, ಒಣಗಿ ಬಿರಿದ ಕೆಸರು. ಇಂಥ ಜೀಪಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇಕೆ? ಒಂದು ಭಾನುವಾರ ಅಂಗಡಿಯ ಪಿಕಪ್ಪಿನಲ್ಲಿ ಜೀಪು ಹೇರಿಕೊಂಡು ನಾನು, ನನ್ನ ಗಂಡ, ಡ್ರೈವರು ಮೂವರೂ ಹೊರಟೆವು. ಗಂಡ ಬಂದದ್ದು ನೋಡಲಿಕ್ಕಲ್ಲ, ಪಿಕಪ್ಪು ನನ್ನ ಕೈಗೆ ಕೊಡಲು ಧೈರ್ಯವಿಲ್ಲದೆ.

ಹಗ್ಗ ಎಳೆದೆ. ಎಂಜಿನ್ನು ಸ್ಟಾರ್ಟ್ ಆಯಿತು. ಬಯಲಲ್ಲಿ ಜೀಪು ಓಡಿದ್ದನ್ನು ನೋಡಿ ನನ್ನ ಗಂಡ ಕೂಡ "ಅಯ್ಯೋ" ಅಂದರು. ಅದು ಅವರ ದೊಡ್ಡ ಮೆಚ್ಚುಗೆ. ಬೊಡ್ಡೆ ಹತ್ತಿ ಇಳಿಯಿತು. ನಾಲ್ಕೂ ಚಕ್ರ ಗಾಳಿಯಲ್ಲಿಟ್ಟು ಹಾರಿತು. ಮೂಲೆಯ ಹೂವಿನ ಸುರುಳಿಗೆ ಹುಲ್ಲು ಸಿಕ್ಕಿಕೊಂಡು ಜಡೆ ಹೆಣೆದುಕೊಂಡ ಹಾಗೆ ಕಾಣುತ್ತಿತ್ತು. ನಾನು ಇನ್ನೂ ಜೋರಾಗಿ ಬಿಟ್ಟೆ. ಅದು ದೂರದ ಏರಿಯನ್ನು ಹತ್ತಿ ಆ ಕಡೆ ಇಳಿಯಿತು. ಇಳಿದದ್ದು ಬರಲಿಲ್ಲ.

ಸಿಗ್ನಲ್ ತಪ್ಪಿದರೆ ಎಂಜಿನ್ನಿನ ವೇಗ ತಾನಾಗಿ ಇಳಿಯುವ ಹಾಗೆ ಮೊದಲೇ ಹೊಂದಿಸಿಡಬೇಕಂತೆ. ಆ ವಿಷಯ ನನಗೆ ಆಮೇಲೆ ಗೊತ್ತಾದದ್ದು. ಆ ಕ್ಷಣದಲ್ಲಿ ಗೊತ್ತಾದದ್ದು ಇಷ್ಟೇ: ಸಿಗ್ನಲ್ ತಪ್ಪಿದಾಗ ನಾನು ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದಿದ್ದೆ, ಡ್ರೈವರು ಹಾರ್ನ್ ಒತ್ತಿ ಹಿಡಿದಿದ್ದರು, ಜೀಪು ಎರಡನ್ನೂ ಕೊನೆಯ ಆಜ್ಞೆ ಅಂತ ನಂಬಿಕೊಂಡು ಹೋಗುತ್ತಿತ್ತು. ಏರಿಯಾಚೆ ಬಸ್ಸಿನ ಹಾರ್ನು ನಿಲ್ಲದೆ ಕೂಗುತ್ತ ಸಣ್ಣದಾಗುತ್ತ ಹೋಯಿತು.

ಓಡಿದೆವು. ಏರಿಯ ಮೇಲೆ ನಿಂತು ನೋಡಿದರೆ ಬಯಲಿನ ಅಂಚಿನಲ್ಲಿ ಏಳೆಂಟು ಮನೆಗಳ ಒಂದು ಕೇರಿ. ಹಾರ್ನು ಅಲ್ಲಿಂದ ಕೇಳುತ್ತಿತ್ತು. ನಾವು ಏದುಸಿರು ಬಿಡುತ್ತ ಹೋಗಿ ಮುಟ್ಟುವಷ್ಟರಲ್ಲಿ ಅದೂ ನಿಂತಿತ್ತು. ಮೊದಲ ಮನೆಯ ಅಂಗಳದಲ್ಲಿ ಹುಲ್ಲಿನ ಬಣವೆಗೆ ಮುಖ ಹುಗಿದುಕೊಂಡು ನಮ್ಮ ಜೀಪು ಆರಿಹೋಗಿತ್ತು. ಸುತ್ತ ಊರಿಗೆ ಊರೇ ನಿಂತಿತ್ತು. ಯಾರಿಗೂ, ಯಾವ ಕೋಳಿಗೂ ಏನೂ ಆಗಿರಲಿಲ್ಲ. ನನಗೆ ಹೋದ ಜೀವ ಬಂತು.

"ಕ್ಷಮಿಸಿ, ಅದು ನಮ್ಮದು" ಅಂದೆ.

ಹೆಗಲ ಮೇಲೆ ಕೆಂಪು ಟವೆಲು ಹಾಕಿಕೊಂಡಿದ್ದ ಒಬ್ಬರು ಮುಂದೆ ಬಂದರು. ಆ ಮನೆಯ ಯಜಮಾನರು. ಕೈಮುಗಿದು, "ಬಂದ್ರಾ ಮೇಡಂ? ಮೂರು ವರ್ಷ ಆಯ್ತು ಕಾಯ್ತಾ" ಅಂದರು.

ಎಲ್ಲರೂ ಸೇರಿ ಹೇಳಿದ್ದರಿಂದ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕೇರಿಯಿಂದ ರಸ್ತೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳ. ಮಳೆಗಾಲದಲ್ಲಿ ದಾಟಲಿಕ್ಕೆ ಎರಡು ಅಡಿಕೆ ಮರ ಅಡ್ಡ ಹಾಕಿಕೊಂಡ ಸಂಕ ಒಂದೇ ಗತಿ. ಗಟ್ಟಿಯಾದ ಕಾಲುಸಂಕ ಬೇಕು ಅಂತ ಇವರು ಕೇಳುತ್ತಲೇ ಇದ್ದರು. ಕೇಳಿದಾಗಲೆಲ್ಲ ಸರ್ವೆ ಆಗಬೇಕು ಅನ್ನುವ ಉತ್ತರ. ಕೊನೆಯ ಸಲ ಯಾರೋ, "ಈಗೆಲ್ಲ ಜನ ಬರಲ್ಲ, ಡ್ರೋನ್ ಬಂದು ನೋಡ್ಕೊಂಡು ಹೋಗ್ತದೆ" ಅಂದಿದ್ದರಂತೆ. ಅವತ್ತಿನಿಂದ ಇವರು ಆಕಾಶ ನೋಡುತ್ತಿದ್ದರು. ಈಗ ನೆಲದ ಮೇಲೆ, 'ಸರ್ಕಾರ' ಅಂತ ಬರೆದುಕೊಂಡು, ಹಾರ್ನ್ ಹೊಡೆಯುತ್ತ, ಒಳಗೆ ಯಾರೂ ಇಲ್ಲದ ಒಂದು ಗಾಡಿ ಬಂದಿತ್ತು.

"ಅದು ಹಾರ್ತದಲ್ವಾ, ಡ್ರೋನು?" ಅಂತ ಹಿಂದಿನಿಂದ ಒಬ್ಬರಿಗೆ ಅನುಮಾನ.

"ಹಾರೋದು ಜಿಲ್ಲೆದು. ಓಡೋದು ತಾಲೂಕಿಂದು" ಅಂದರು ಯಜಮಾನರು. ಎಲ್ಲರಿಗೂ ಅದು ಸರಿ ಅನ್ನಿಸಿತು.

ನಾನು ಹೇಳಿದೆ, ಇದು ಆಟದ ಜೀಪು, ನಾನೇ ಮಾಡಿದ್ದು, ಮೈ ಗುಜರಿ ತಗಡು, ಎಂಜಿನ್ನು ವೀಡ್ ಕಟರಿನದ್ದು. ಅವರು ತಲೆಯಾಡಿಸುತ್ತ ಕೇಳಿದರು, ಒಬ್ಬರನ್ನೊಬ್ಬರು ನೋಡಿಕೊಂಡರು.

"ನಾನು ಹಲ್ಲಿನ ಡಾಕ್ಟ್ರು. ರಿಪ್ಪನ್‌ಪೇಟೆಯಲ್ಲಿ."

"ಗೊತ್ತಾಯ್ತು ಮೇಡಂ" ಅಂದರು ಯಜಮಾನರು ದನಿ ತಗ್ಗಿಸಿ. "ಹೊರಗೆ ಹೇಳಬಾರ್ದು ಅಂತ ಆರ್ಡರ್ ಇರ್ತದೆ. ನಾವೂ ಎಲ್ಲೂ ಹೇಳಲ್ಲ."

ನಾನು ಗಂಡನ ಕಡೆ ನೋಡಿದೆ. ಅವರು ಆಗಲೇ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದರು. ಡ್ರೈವರ ಕಡೆ ನೋಡಿದೆ. ಅವರು ಯಾರಿಗೋ, "ಮಾತಾಡೋದಿದ್ರೆ ಆ ಏರಿಯಲ್ ಕಡ್ಡಿ ಹತ್ರ ಮಾತಾಡಿ, ಸ್ಪಷ್ಟ ಕೇಳ್ತದೆ" ಅನ್ನುತ್ತಿದ್ದರು.

ಜೀಪು ಹಳ್ಳ ನೋಡದೆ ಹೋಗುವ ಹಾಗಿರಲಿಲ್ಲ. ಬಣವೆಯಿಂದ ಎಳೆದು, ಹಗ್ಗ ಜಗ್ಗಿ, ಮತ್ತೆ ಸ್ಟಾರ್ಟ್ ಮಾಡಿದೆ. ಅದು ಮುಂದೆ, ರಿಮೋಟು ಹಿಡಿದ ನಾನು ಹಿಂದೆ, ನನ್ನ ಹಿಂದೆ ಹೆಂಗಸರು, ಗಂಡಸರು, ನಾಯಿಗಳು. ತಿರುವು ಬಂದಲ್ಲೆಲ್ಲ ಜೀಪು ತಿರುಗಲಾರದೆ ಹಿಂದೆ ಮುಂದೆ ಹೋಗುತ್ತಿತ್ತು. "ಪೂರ್ತಿ ನೋಡ್ಕೊಳ್ತದೆ, ಒಂದೂ ಬಿಡಲ್ಲ" ಅಂತ ಮೆಚ್ಚಿ ಮಾತಾಡಿಕೊಂಡರು.

ಹಳ್ಳ ಆ ಹೊತ್ತಿನಲ್ಲಿ ಒಣಗಿತ್ತು. ಯಜಮಾನರು ಟವೆಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಬಾನೆಟ್ಟಿಗೆ ಬಗ್ಗಿದರು. ನೀರು ಎಲ್ಲಿಯ ತನಕ ಬರುತ್ತದೆ, ಹೋದ ಮಳೆಗಾಲದಲ್ಲಿ ಹಾಲಿನ ಕ್ಯಾನು ಹೇಗೆ ತೇಲಿಹೋಯಿತು, ಬಸುರಿಯೊಬ್ಬಳನ್ನು ಕುರ್ಚಿಯಲ್ಲಿ ಕೂರಿಸಿ ಹೇಗೆ ದಾಟಿಸಿದರು, ಎಲ್ಲ ಗಟ್ಟಿಯಾಗಿ, ನಿಧಾನವಾಗಿ ಹೇಳಿದರು. ಯಾರೂ ನಗಲಿಲ್ಲ. ನನಗೂ ನಗು ಬರಲಿಲ್ಲ. ಅವರು ಹೇಳಿ ಮುಗಿಸಿದ ಮೇಲೆ ಏನಾದರೂ ಮಾಡಬೇಕಲ್ಲ ಅಂತ ಸ್ಟೀರಿಂಗನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿದೆ. ಅದು ತಲೆಯಾಡಿಸಿತು ಅಂತ ಅವರಿಗೆ ಸಮಾಧಾನವಾಯಿತು.

ಅಳತೆಯೂ ಆಗಬೇಕು ಅಂದರು. ಟೇಪು ಯಾರ ಹತ್ತಿರವೂ ಇರಲಿಲ್ಲ. ಹಾಗಾಗಿ ಜೀಪನ್ನೇ ಈ ದಡದಲ್ಲಿ ಉದ್ದಕ್ಕೆ ನಿಲ್ಲಿಸಿ, ಕಲ್ಲಿಟ್ಟು, ಮುಂದೆ ಸರಿಸಿ, ಮತ್ತೆ ಕಲ್ಲಿಟ್ಟು ಆ ದಡದ ತನಕ ಅಳೆದರು. ಹಳ್ಳ ಐದು ಜೀಪು, ಮೇಲೆ ಒಂದು ಚಕ್ರದಷ್ಟು ಅಗಲವಿತ್ತು.

ಮರಳಿ ಬಂದಾಗ ಜಗಲಿಯಲ್ಲಿ ಒಬ್ಬ ಅಜ್ಜಿ ನನ್ನ ಸೆರಗು ಹಿಡಿದರು. ಯಜಮಾನರ ತಾಯಿ.

"ಹಲ್ಲಿನ ಡಾಕ್ಟ್ರು ಅಂದ್ಯಲ್ಲ ಮಾರಾಯ್ತಿ, ಇದೊಂದು ನೋಡು ಹಂಗಾರೆ" ಅಂತ ಬಾಯಿ ಬಿಟ್ಟರು. ಮುಂದಿನ ಒಂಟಿ ಹಲ್ಲು, ಗಾಳಿ ಬೀಸಿದರೆ ಅಲ್ಲಾಡುವ ಹಾಗಿತ್ತು. ನನಗೆ ಬಹಳ ಸಂತೋಷವಾಯಿತು. ನಾನು ಯಾರು ಅಂತ ತೋರಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತಿರಲಿಲ್ಲ. ಪಿಕಪ್ಪಿನ ಪ್ರಥಮ ಚಿಕಿತ್ಸೆ ಡಬ್ಬಿಯನ್ನು ಗಂಡನಿಂದ ತರಿಸಿ, ಕೈ ತೊಳೆದು, ಬೆರಳಿಗೆ ಬಟ್ಟೆ ಸುತ್ತಿ ಮೆಲ್ಲಗೆ ಹಿಡಿದೆ. ಅಜ್ಜಿ ಕಣ್ಣು ಮುಚ್ಚುವಷ್ಟರಲ್ಲಿ ಹಲ್ಲು ನನ್ನ ಕೈಯಲ್ಲಿತ್ತು.

"ಆಯ್ತಾ?" ಅಂದರು ಅಜ್ಜಿ.

"ಆಯ್ತು."

"ಎಂತದೂ ಗೊತ್ತಾಗ್ಲಿಲ್ಲ!"

ಸುತ್ತ ನಿಂತವರು ಉಸಿರು ಬಿಟ್ಟರು. ನಾನು ಯಜಮಾನರ ಕಡೆ ತಿರುಗಿ, "ಈಗಾದ್ರೂ ನಂಬ್ತೀರಾ?" ಅಂದೆ.

ಅವರ ಕಣ್ಣಲ್ಲಿ ನೀರಿತ್ತು. "ಎಲ್ಲ ನಂಬ್ತೀವಿ ಮೇಡಂ. ಸರ್ವೆ ಜೊತೆಗೆ ಹಲ್ಲೂ ನೋಡ್ತಾರೆ ಅಂದ್ರೆ, ಈ ಸಲ ಯೋಜನೆ ನಿಜವಾಗ್ಲೂ ಒಳ್ಳೇದೇ ಬಂದಿದೆ."

ಆಮೇಲೆ ಸಾಲು ನಿಂತಿತು. ಸಂಜೆಯ ತನಕ ಆ ಜಗಲಿಯಲ್ಲಿ ಕೂತು ಮೊಬೈಲಿನ ಟಾರ್ಚು ಹಾಕಿಕೊಂಡು ಕೇರಿಯ ಎಲ್ಲರ ಬಾಯಿ ನೋಡಿದೆ. ಡ್ರೈವರು ಸಾಲು ಸರಿಪಡಿಸುತ್ತ, "ಮುಂದಿನವ್ರು ಬನ್ನಿ, ಮುಂದಿನವ್ರು" ಅನ್ನುತ್ತಿದ್ದರು. ಹೊರಡುವಾಗ ಪಿಕಪ್ಪಿನಲ್ಲಿ ಜೀಪಿನ ಪಕ್ಕದಲ್ಲಿ ಎರಡು ಹಲಸಿನಹಣ್ಣು, ಒಂದು ಗೊನೆ ಬಾಳೆ ಬಂದಿದ್ದವು. ಮನೆ ಹತ್ತಿರ ಬಂದಾಗ ಗಂಡ, "ಇನ್ನೊಂದು ಎಂಜಿನ್ನು ಬೇಕಾದ್ರೆ ಹೇಳು" ಅಂದರು.

ಕೆಲವು ವಾರ ಕಳೆದು, ಕ್ಲಿನಿಕ್ಕಿಗೆ ಯುವಕರೊಬ್ಬರು ಬಂದು ಕೂತರು. ಹಲ್ಲು ನೋವಾ ಅಂದೆ. ಅಲ್ಲ, ತಾನು ಇಂಜಿನಿಯರು, ಕಾಲುಸಂಕದ ವಿಷಯ ಅಂದರು. ಕೇರಿಯವರು ಇವರ ಕಚೇರಿಗೆ ಹೋಗಿ, "ಸರ್ವೆ ಮುಗೀತು, ಕೆಲಸ ಯಾವಾಗ?" ಅಂತ ಕೇಳಿದ್ದಾರೆ. ಯಾವ ಸರ್ವೆ ಅಂತ ಇವರಿಗೆ ಗೊತ್ತಿಲ್ಲ. ಜೀಪಿನ ಫೋಟೋ ತೋರಿಸಿದ್ದಾರೆ. ಇದು ನಮ್ಮದಲ್ಲ, ಬೇರೆ ಇಲಾಖೆಯದು ಅಂತ ಇವರು. ಬೇರೆ ಇಲಾಖೆಯವರನ್ನು ಕೇಳಿದರೆ, ನಮ್ಮದಲ್ಲ, ನಿಮ್ಮದೇ ಇರಬೇಕು ಅಂತ ಅವರು. ಬಾನೆಟ್ಟಿನ ಮೇಲೆ ಸರ್ಕಾರ ಅಂತ ಇರುವುದರಿಂದ ಯಾರದೂ ಅಲ್ಲ ಅಂತ ಬರೆದುಕೊಡಲು ಯಾರಿಗೂ ಧೈರ್ಯವಿಲ್ಲ. ಕೊನೆಗೆ ಅಜ್ಜಿ, ಬಂದವರು ರಿಪ್ಪನ್‌ಪೇಟೆಯ ಹಲ್ಲಿನ ಡಾಕ್ಟ್ರು ಅಂತ ಹೇಳಿಬಿಟ್ಟಿದ್ದರಿಂದ ಇವರು ನನ್ನನ್ನು ಹುಡುಕಿಕೊಂಡು ಬಂದಿದ್ದರು.

ನಾನು ಅವರನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ಜೀಪು ತೋರಿಸಿದೆ. ಅವರು ಕುಕ್ಕರಗಾಲಲ್ಲಿ ಕೂತು ಒಸಡು ಬಣ್ಣದ ಸ್ಟೀರಿಂಗು ಮುಟ್ಟಿ ನೋಡಿದರು. ಹಾರ್ನ್ ಒತ್ತಿದರು. ಹೊರಗೆ ಕಾಯುತ್ತಿದ್ದವರು ಬೆಚ್ಚಿಬಿದ್ದರು.

"ಹಳ್ಳದ ಅಗಲ ಎಷ್ಟು ಬಂತು ಮೇಡಂ?" ಅಂತ ಕೇಳಿದರು, ತುಂಬ ಗಂಭೀರವಾಗಿ.

"ಐದು ಜೀಪು, ಒಂದು ಚಕ್ರ."

ಅವರು ಜೇಬಿನಿಂದ ಟೇಪು ತೆಗೆದು ಜೀಪಿನ ಉದ್ದ ಅಳೆದರು. ಐದರಿಂದ ಗುಣಿಸಿ, ಒಂದು ಚಕ್ರ ಕೂಡಿಸಿದರು. ಆಮೇಲೆ ನಕ್ಕರು, ಬಹಳ ಹೊತ್ತು ನಕ್ಕರು. ಮರುದಿನವೇ ಸ್ವತಃ ಹಳ್ಳಕ್ಕೆ ಹೋಗಿ ಅಳೆದು ಬಂದರು ಅಂತ ಕೇಳಿದೆ. ಜೀಪಿನ ಅಳತೆಗೂ ಅವರ ಅಳತೆಗೂ ಅಂಥ ವ್ಯತ್ಯಾಸ ಇರಲಿಲ್ಲವಂತೆ.

ಆ ಮಳೆಗಾಲ ಅಡಿಕೆ ಮರದ ಸಂಕದಲ್ಲೇ ಕಳೆಯಿತು. ಮುಂದಿನ ಬೇಸಿಗೆಯಲ್ಲಿ ಹಿಡಿದು ನಡೆಯಲು ಕಬ್ಬಿಣದ ಕಂಬಿ ಇರುವ ಕಾಂಕ್ರೀಟಿನ ಕಾಲುಸಂಕ ಆಯಿತು. ಉದ್ಘಾಟನೆಗೆ ಯಜಮಾನರೇ ಬಂದು ಕರೆದರು. ಕರೆದದ್ದು ನನ್ನನ್ನಲ್ಲ, ಜೀಪನ್ನು. "ನೀವೂ ಬನ್ನಿ ಮತ್ತೆ" ಅಂತ ಬಾಗಿಲಲ್ಲಿ ನಿಂತು ಸೇರಿಸಿದರು.

ಡ್ರೈವರು ಅದಕ್ಕೋಸ್ಕರ ಬಸ್ಸಿಗೆ ಬದಲಿ ಆಳು ಹುಡುಕಿ ರಜೆ ಹಾಕಿದರು. ಜೀಪನ್ನು ತೊಳೆದು ಎಣ್ಣೆ ಹಚ್ಚಿ ಒಯ್ದೆವು. ಸಂಕದ ಬಾಯಲ್ಲಿ ಮಾವಿನೆಲೆ ಕಟ್ಟಿದ್ದರು. ಜೀಪಿಗೆ ಸೇವಂತಿಗೆ ಹಾರ ಹಾಕಿದರು. ಅಜ್ಜಿ ಅದರ ಮುಂದಿನ ಚಕ್ರಗಳಿಗೆ ಕುಂಕುಮ ಹಚ್ಚಿದರು. ಮೊದಲು ಜೀಪು ದಾಟಬೇಕು, ಆಮೇಲೆ ಮನುಷ್ಯರು ಅಂತ ತೀರ್ಮಾನವಾಗಿತ್ತು. ಇಂಜಿನಿಯರು ಕೈಕಟ್ಟಿ ಪಕ್ಕದಲ್ಲಿ ನಿಂತಿದ್ದರು.

ಹಗ್ಗ ಎಳೆದೆ. ಎಂಜಿನ್ನು ಕೆಮ್ಮಿ ಸುಮ್ಮನಾಯಿತು. ಮತ್ತೆ ಎಳೆದೆ. ನನ್ನ ಗಂಡ ಪ್ಲಗ್ಗು ಬಿಚ್ಚಿ ಒರೆಸಿ ಹಾಕಿದರು. ಡ್ರೈವರು ಅಭ್ಯಾಸದಂತೆ ಚಹಾ ಎಲ್ಲಿದೆ ಅಂತ ಕೇಳಿದರು. ಎಷ್ಟು ಎಳೆದರೂ ಅದು ಸ್ಟಾರ್ಟ್ ಆಗಲಿಲ್ಲ. ನನ್ನ ಭುಜ ಬಿದ್ದುಹೋಯಿತು, ಬೆವರಿನಲ್ಲಿ ಸೀರೆ ಒದ್ದೆಯಾಯಿತು. ಮುಖ ಎತ್ತಿ ನೋಡಲು ನಾಚಿಕೆಯಾಗುತ್ತಿತ್ತು.

"ಇರ್ಲಿ ಬಿಡಿ ಮೇಡಂ" ಅಂದರು ಯಜಮಾನರು. "ಅಷ್ಟು ದೂರದಿಂದ ಬಂದಿದೆ, ಸುಸ್ತಾಗಿರ್ತದೆ."

ನಾಲ್ಕು ಜನ ಬಂದು ನಾಲ್ಕೂ ಮೂಲೆಯ ಹೂವಿನ ಸುರುಳಿ ಹಿಡಿದು ಜೀಪನ್ನು ಹೆಗಲಿಗೇರಿಸಿಕೊಂಡು ಸಂಕದ ಮೇಲೆ ನಡೆದರು. ನಾನು ರಿಮೋಟು ಹಿಡಿದು ಹಿಂದೆ ಹೋದೆ. ಸ್ಟೀರಿಂಗಿನ ಬ್ಯಾಟರಿ ಬೇರೆಯೇ, ಅದು ಇನ್ನೂ ಕೆಲಸ ಮಾಡುತ್ತಿತ್ತು. ಸುಮ್ಮನೆ ನಡೆದರೆ ಸರಿಯಲ್ಲ ಅನ್ನಿಸಿ, ಅವರ ಹೆಜ್ಜೆಗೆ ಸರಿಯಾಗಿ ಎಡಕ್ಕೆ ಬಲಕ್ಕೆ ತಿರುಗಿಸುತ್ತ ಹೋದೆ. ಜನರ ತಲೆಗಳ ಮೇಲೆ, ಕುಂಕುಮ ಹಚ್ಚಿದ ಆ ಎರಡು ಚಕ್ರಗಳು ಗಾಳಿಯಲ್ಲಿ ಜಾಗರೂಕವಾಗಿ ದಾರಿ ನೋಡಿಕೊಳ್ಳುತ್ತ ಹಳ್ಳ ದಾಟಿದವು.